ಅತ್ತಿಗೆ ಗಿಡ್ಡ ಆಗಿದ್ದು ಯಾಕೆ?

ನಮ್ಮಣ್ಣ ಟೈಲರು. ಕತ್ತರಿ ಹಿಡಿದರೆ ಮಹಾ ಜಾಣ, ಮಿಕ್ಕ ವಿಷಯಕ್ಕೆ ಬಂದರೆ ಮಹಾ ಹಠಮಾರಿ. ಅವನ ಅಂಗಡಿಯಲ್ಲಿ ಕಾಜಾ ಹಾಕೋಳು, ಗುಂಡಿ ಹೊಲಿಯೋಳು ನಾನೇ. ಅಂಗಡಿ ಹಿಂದಿನ ಕೋಣೆಗಳೇ ನಮ್ಮ ಮನೆ. ಅತ್ತಿಗೆಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯ್ತು. ದಿನಾ ಅವರಿಗೆ ಇನ್ಸುಲಿನ್ ಚುಚ್ಚೋದು ಅಣ್ಣನೇ. "ಸೂಜಿ ನನ್ನ ಕೈಯಲ್ಲಿ ಯಾವತ್ತಾದ್ರೂ ತಪ್ಪಿದೆಯಾ?" ಅಂತ ಜಂಬ ಬೇರೆ.

ಕೆಲವು ತಿಂಗಳ ಹಿಂದೆ ಅತ್ತಿಗೆ ಬಟ್ಟೆ ಗಂಟು ಎತ್ತಲು ಹೋಗಿ "ಅಮ್ಮಾ!" ಅಂತ ಕೂತುಬಿಟ್ಟರು. ಆಮೇಲೆ ಬೆನ್ನುನೋವು ಬಿಡಲೇ ಇಲ್ಲ. ನೆಟ್ಟಗೆ ನಿಲ್ಲೋಕೂ ಆಗದು. ಅದರ ಜೊತೆಗೆ ಅವರ ಉದ್ದನೆ ಅಂಗಿಗಳೆಲ್ಲ ನೆಲ ಗುಡಿಸತೊಡಗಿದವು. ಅಣ್ಣ ಏನು ಮಾಡಿದ? ಅಂಚು ಮಡಚಿ ಹೊಲಿದ. ಮತ್ತೆ ನೆಲಕ್ಕೆ ತಾಗಿತು, ಮತ್ತೆ ಮಡಚಿದ. "ಬಟ್ಟೆ ಜಗ್ಗಿದೆ ಕಣೇ" ಅಂತ ತೀರ್ಪು ಕೊಟ್ಟ.

ಒಂದು ಬೆಳಿಗ್ಗೆ ನೋಡ್ತೀನಿ, ಇಸ್ತ್ರಿ ಮೇಜಿನ ಮೇಲೆ ಹೊಸ ಸೀಸೆ. ಅಣ್ಣ ಸಿರಿಂಜಿಗೆ ಔಷಧಿ ಎಳೀತಿದ್ದಾನೆ.

"ಇದೇನಣ್ಣ? ಇನ್ಸುಲಿನ್ ಅಲ್ವಲ್ಲ?"

"ಬೆಳವಣಿಗೆ ಹಾರ್ಮೋನು. ಜಿಮ್ಮಿನ ಮಾಸ್ಟರು ತಂದುಕೊಟ್ರು. ವಯಸ್ಸಾದ ಮೇಲೆ ಇದು ಮೈಯಲ್ಲಿ ಕಮ್ಮಿ ಆಗುತ್ತಂತೆ. ಚುಚ್ಚಿದರೆ ಮೂಳೆ ಕಬ್ಬಿಣ ಆಗುತ್ತಂತೆ."

"ಡಾಕ್ಟರನ್ನ ಕೇಳಿದ್ಯಾ?"

"ಡಾಕ್ಟರಂತೆ ಡಾಕ್ಟರು! ಬಾಯಿ ಮುಚ್ಕೊಂಡು ಗುಂಡಿ ಹೊಲಿ."

ನನಗೆ ಮೈಯೆಲ್ಲ ಉರಿದುಹೋಯ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಆಯ್ತು. ಅತ್ತಿಗೆ ಆಗಲೇ ತೋಳು ಮೇಲೇರಿಸಿ ಕೂತಿದ್ದರು. ಪಾಪ, ನೋವು ಹೋದರೆ ಸಾಕಾಗಿತ್ತು ಅವರಿಗೆ. ನಾನು ಪಕ್ಕದ ಮನೆಗೆ ಓಡಿದೆ. ಅಲ್ಲಿರೋ ನರ್ಸಮ್ಮ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರನ್ನೇ ನೋಡಿಕೊಳ್ಳೋರು. ತಲೆ ಬಾಚ್ತಾ ಇದ್ದವರು ಹಾಗೇ ಎದ್ದು ಬಂದರು.

"ಅಣ್ಣಾ, ಕೈ ತಡೀರಿ!"

ಸೂಜಿ ಅತ್ತಿಗೆ ತೋಳಿಗೆ ಇನ್ನೇನು ತಾಗೋದರಲ್ಲಿತ್ತು.

"ಚಿಕ್ಕ ಮಕ್ಕಳನ್ನೇ ಬೆಳೆಸೋ ಔಷಧಿ ಇದು. ಇವಳಿಗೇನು ಕೆಟ್ಟದ್ದು ಮಾಡುತ್ತೆ?" ಅಣ್ಣ ಗುರಾಯಿಸಿದ.

"ಸಕ್ಕರೆ ಏರಿಸುತ್ತೆ. ಮೈ ಊದಿಸುತ್ತೆ, ಕೀಲು ನೋಯಿಸುತ್ತೆ. ವಯಸ್ಸಾದ ಹಾಗೆ ಈ ಹಾರ್ಮೋನು ಕಮ್ಮಿ ಆಗೋದು ನಿಜ, ಎಲ್ಲರಿಗೂ ಆಗುತ್ತೆ. ಅಷ್ಟಕ್ಕೇ ಚುಚ್ಕೊಳ್ಳೋ ಹಾಗಿಲ್ಲ. ನಿಜವಾದ ಕೊರತೆ ಪರೀಕ್ಷೆಯಲ್ಲಿ ಗೊತ್ತಾದ ಕೆಲವರಿಗೆ ಮಾತ್ರ ತಜ್ಞ ಡಾಕ್ಟರು ಬರೆದುಕೊಡ್ತಾರೆ. ಒಂದು ಸೂಜಿಯಲ್ಲಿ ಸಕ್ಕರೆ ಇಳಿಸೋದು, ಇನ್ನೊಂದರಲ್ಲಿ ಏರಿಸೋದು! ಇದ್ಯಾವ ವೈದ್ಯ ಅಣ್ಣ?"

"ಮತ್ತೆ ಇವಳ ಬೆನ್ನು?"

ನರ್ಸಮ್ಮ ಅತ್ತಿಗೆಯ ಅಂಗಿಯ ಅಂಚು ಹಿಡಿದು ನೋಡಿದರು. ಮಡಿಕೆ ಮೇಲೆ ಮಡಿಕೆ.

"ಇದೇನಿದು?"

"ಬಟ್ಟೆ ಜಗ್ಗಿದೆ."

"ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತೋ ಜಗ್ಗುತ್ತೋ? ಟೈಲರು ನೀವು, ನೀವೇ ಹೇಳಿ."

ಅಣ್ಣ ಕೊರಳಲ್ಲಿದ್ದ ಟೇಪು ತೆಗೆದು ಅತ್ತಿಗೆಯನ್ನ ಕತ್ತಿನಿಂದ ಹಿಮ್ಮಡಿವರೆಗೆ ಅಳೆದ. ಅವರ ಅಳತೆ ಅವನಿಗೆ ಬಾಯಿಪಾಠ. ಇನ್ನೊಂದು ಸಲ ಅಳೆದ. ಎರಡು ಸಲವೂ ಹಳೇ ಅಳತೆಗಿಂತ ಕಮ್ಮಿಯೇ ಬಂತು.

"ಕುಗ್ಗಿರೋದು ಅಕ್ಕನ ಬೆನ್ನುಮೂಳೆ ಇರಬೇಕು" ಅಂದರು ನರ್ಸಮ್ಮ, ಸಿರಿಂಜು ಕಸಿದುಕೊಂಡು. "ಇನ್ಸುಲಿನ್ ಕೊಡಿ, ತಿಂಡಿ ತಿನ್ನಿಸಿ, ಸೀದಾ ಆಸ್ಪತ್ರೆಗೆ ನಡೀರಿ."

ಎಕ್ಸ್‌ರೇ ತೆಗೆದರು. ಬೆನ್ನುಮೂಳೆಯ ಸಾಲಲ್ಲಿ ಒಂದು ಮೂಳೆ ಜಜ್ಜಿಹೋಗಿತ್ತು. ಗಂಟು ಎತ್ತಿದಾಗಲೇ ಮುರಿದಿರಬಹುದು ಅಂದರು ಡಾಕ್ಟರು. "ಸಕ್ಕರೆ ಕಾಯಿಲೆ ಇದ್ದರೆ ಮೂಳೆ ಪರೀಕ್ಷೆಯಲ್ಲಿ ಗಟ್ಟಿ ಕಂಡರೂ ಒಳಗೆ ಬಲ ಇಲ್ಲದೇ ಇರಬಹುದು. ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬಿದ್ದರಂತೂ ಸೊಂಟವೇ ಮುರಿಯಬಹುದು. ಕಣ್ಣು ಮಂಜಾದರೂ, ಪಾದ ಜೋಮು ಹಿಡಿದರೂ ಎಡವಿ ಬೀಳ್ತಾರೆ, ಅವನ್ನೂ ನೋಡಿಸಿ. ಮೂಳೆಗೆ ಔಷಧಿ ಬರೀತೀನಿ. ನೋವು ಇಳಿದ ಮೇಲೆ ನಾವು ಹೇಳಿಕೊಟ್ಟ ವ್ಯಾಯಾಮ ಮಾಡಿಸಿ."

"ಹೋದ ಎತ್ತರ ಮತ್ತೆ ಬರುತ್ತಾ ಡಾಕ್ಟ್ರೇ?" ಅಂದ ಅಣ್ಣ.

"ಇಲ್ಲಪ್ಪ. ಇನ್ನು ಹೋಗದ ಹಾಗೆ ನೋಡ್ಕೋಬಹುದು, ಅಷ್ಟೇ."

ಹೊರಗೆ ಬೆಂಚಿನ ಮೇಲೆ ಕುಸಿದು ಗೊಳೋ ಅಂತ ಅತ್ತ ನಮ್ಮಣ್ಣ. ಅತ್ತಿಗೆ ಗೋಡೆ ಹಿಡ್ಕೊಂಡು ನಿಂತಿದ್ದರು. "ಏಳಿ ಮೇಲೆ. ಬಗ್ಗಿ ಕಣ್ಣೊರೆಸೋಕೆ ನನ್ನ ಕೈಲಿ ಆಗಲ್ಲ" ಅಂದರು. ನನಗೆ ನಗು, ಅಳು ಎರಡೂ ಬಂತು.

ಕೇಳಿಸ್ಕೊಂಡ್ರಾ? ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆ ಇರೋ ಹಿರಿಯರು ಇದ್ದಾರಲ್ಲ, ಬೆನ್ನು ನೋವು ಅಂದರೆ "ವಯಸ್ಸಾಯ್ತು ಬಿಡಿ" ಅನ್ನಬೇಡಿ. ಬೆನ್ನು ಬಾಗಿದರೆ, ಎತ್ತರ ಕಮ್ಮಿ ಆದರೆ, ಒಂದು ಸಲ ಬಿದ್ದರೂ ಸರಿ, ಡಾಕ್ಟರಿಗೆ ತೋರಿಸಿ. ಮೂಳೆ ಪರೀಕ್ಷೆ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಬಲ ಬರುತ್ತೆ, ಹರೆಯ ಬರುತ್ತೆ ಅಂತ ಯಾರೋ ತಂದುಕೊಟ್ಟ ಹಾರ್ಮೋನು ಸೂಜಿ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನಮ್ಮ ಅತ್ತಿಗೆಗೆ ಮುರಿದ ಮೇಲೆ ಗೊತ್ತಾಯ್ತು. ನಿಮ್ಮವರಿಗೆ ಮುರಿಯೋಕೆ ಮುಂಚೆ ಗೊತ್ತಾಗಲಿ.