ಸಪ್ಪೆ ಗಂಜಿಯ ಜೋಕು

ಟೀವಿಯ ಅಡುಗೆ ಸ್ಪರ್ಧೆಯಲ್ಲಿ ನನಗೆ ಬಂದದ್ದು ನಾಲ್ಕನೇ ಸ್ಥಾನ. ಗೆದ್ದವಳ ಹೆಸರು ಈಗ ಯಾರಿಗೂ ನೆನಪಿಲ್ಲ, ನನ್ನದು ಮಾತ್ರ ಉಳಿಯಿತು. ಅದಕ್ಕೆ ಕಾರಣ ಕೈಗುಣ ಅಲ್ಲ, ಬಾಯಿ. ಬಾಣಲೆ ಕಾಯುವಷ್ಟರಲ್ಲಿ ಒಂದು ಜೋಕು ಹೇಳಿ, ಸೌಟನ್ನು ಮೇಲಕ್ಕೆಸೆದು ಹಿಡಿಯುತ್ತಿದ್ದೆ. ಜನ ನನ್ನನ್ನು ಸೌಟಣ್ಣ ಎಂದರು, ಅದೇ ಹೆಸರಾಯಿತು.

ಮೊದಲ ವಾರ ತೀರ್ಪುಗಾರರೊಬ್ಬರು ಕೇಳಿದ್ದರು: "ಅಡುಗೆ ಯಾರಿಂದ ಕಲಿತೆ?"

"ಯಾರಿಂದಲೂ ಇಲ್ಲ ಸರ್, ಜೀವ ಉಳಿಸಿಕೊಳ್ಳೋಕೆ ಕಲಿತೆ," ಎಂದೆ. "ನಮ್ಮಮ್ಮ ಆಸ್ಪತ್ರೆ ಅಡುಗೆಮನೆಯಲ್ಲಿ ಕೆಲಸ ಮಾಡ್ತಾಳೆ. ಮನೇಲೂ ನಮಗೆ ರೋಗಿಗಳ ಊಟಾನೇ. ಉಪ್ಪಿಲ್ಲ, ಖಾರ ಇಲ್ಲ, ಸಪ್ಪೆ ಗಂಜಿ. ಮನೆಗೆ ಬಂದ ನೆಂಟರು ಒಂದು ತುತ್ತು ತಿಂದು, 'ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ' ಅಂತ ಕೇಳೋರು!"

ತೀರ್ಪುಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಂದು ಶೂಟಿಂಗ್ ಮುಗಿದ ಮೇಲೆ ಕಾರ್ಯಕ್ರಮದ ನಿರ್ದೇಶಕಿ ನನ್ನ ಭುಜ ತಟ್ಟಿ, "ಅಮ್ಮನ್ನ ಬಿಡಬೇಡ," ಎಂದಳು. ನಾನು ಬಿಡಲಿಲ್ಲ. ಹನ್ನೊಂದು ವಾರ ಅಮ್ಮನನ್ನು ಹಿಡಿದುಕೊಂಡೇ ದಾಟಿದೆ.

ಸ್ಪರ್ಧೆ ಮುಗಿದ ಮೇಲೆ ನಮ್ಮಂಥವರು ಏನು ಮಾಡುತ್ತಾರೆ ಎಂದು ಜನ ಕೇಳುತ್ತಾರೆ. ಗೆದ್ದವಳು ಸ್ವಂತ ಹೋಟೆಲ್ ತೆರೆದು ಎರಡು ವರ್ಷಕ್ಕೆ ಮುಚ್ಚಿದಳು. ಎರಡನೆಯವನು ಹಡಗಿನಲ್ಲಿ ಬಾಣಸಿಗನಾಗಿ ಹೋದ. ನಾನು ಅಂಗಡಿಗಳ ಉದ್ಘಾಟನೆಗೆ ಹೋದೆ. ಮಿಕ್ಸಿ ಮಾರುವವರ ಜೊತೆ ನಿಂತು ಈರುಳ್ಳಿ ರುಬ್ಬಿದೆ, ಶಾಲೆಗಳಲ್ಲಿ ಮಕ್ಕಳು ಮಾಡಿದ ಹಣ್ಣಿನ ಸಲಾಡಿಗೆ ಅಂಕ ಕೊಟ್ಟೆ. ಎಲ್ಲಿ ಹೋದರೂ ಹತ್ತು ನಿಮಿಷ ಅಡುಗೆ, ಇಪ್ಪತ್ತು ನಿಮಿಷ ಅಮ್ಮ. ಜೋಕು ಬೆಳೆಯುತ್ತಾ ಹೋಯಿತು. ಅಮ್ಮನ ಗಂಜಿಯನ್ನು ಗೋಡೆಗೆ ಬಳಿದೆವು, ಅದರಲ್ಲಿ ಪೋಸ್ಟರ್ ಅಂಟಿಸಿದೆವು, ನಾಯಿ ಮೂಸಿ ನೋಡಿ ಕ್ಷಮಿಸಿ ಎಂದಿತು.

ಆಮೇಲೆ ಒಂದು ಮಸಾಲೆ ಪುಡಿಯ ಜಾಹೀರಾತು ಬಂತು. ಅದರಲ್ಲಿ ಬಿಳಿ ಕೂದಲಿನ ನಟಿಯೊಬ್ಬಳು ದೊಡ್ಡ ಪಾತ್ರೆ ಹಿಡಿದು ನನ್ನ ಹಿಂದೆ ಓಡಿ ಬರುತ್ತಾಳೆ, ನಾನು ಮೂಗು ಮುಚ್ಚಿಕೊಂಡು ಪುಡಿಯ ಪೊಟ್ಟಣದ ಹಿಂದೆ ಬಚ್ಚಿಟ್ಟುಕೊಳ್ಳುತ್ತೇನೆ. ಟೀವಿಯಲ್ಲಿ ಬಂದದ್ದು ಸಾಲದೆಂದು ಊರಿನ ಬಸ್ಸುಗಳ ಒಳಗೂ ಹಿಂಬದಿಗೂ ಅದೇ ಚಿತ್ರ ಬಿತ್ತು.

ಅಮ್ಮ ಏನೂ ಅನ್ನಲಿಲ್ಲ. ಒಂದು ಬದಲಾವಣೆ ಮಾತ್ರ ಆಗಿತ್ತು. ನಾನು ಮನೆಗೆ ಹೋದಾಗ ಅವಳು ಒಲೆ ಹಚ್ಚುತ್ತಿರಲಿಲ್ಲ, ಮೂಲೆಯ ಹೋಟೆಲಿನಿಂದ ಊಟ ತರಿಸುತ್ತಿದ್ದಳು. "ಯಾಕಮ್ಮಾ?" ಎಂದರೆ, "ನಿನಗೆ ಅದೇ ಸೇರುತ್ತಲ್ಲ," ಎನ್ನುತ್ತಿದ್ದಳು. ವಯಸ್ಸಾಯಿತು, ಸುಸ್ತು, ಒಳ್ಳೆಯದೇ ಆಯಿತು ಎಂದುಕೊಂಡು ನಾನು ಉಣ್ಣುತ್ತಿದ್ದೆ.

ಅಮ್ಮ ನಿವೃತ್ತಿಯಾದ ಮರುವರ್ಷ ಅದೇ ಆಸ್ಪತ್ರೆಯಿಂದ ನನಗೆ ಕರೆ ಬಂತು. ಹೊಸ ಅಡುಗೆಮನೆ ಕಟ್ಟಿದ್ದಾರೆ, ರಿಬ್ಬನ್ ಕತ್ತರಿಸಬೇಕು, ಸಿಬ್ಬಂದಿಗೆ ಅರ್ಧ ಗಂಟೆ ಮನರಂಜನೆ ಕೊಡಬೇಕು. ಅಮ್ಮನಿಗೆ ಹೆಮ್ಮೆಯಾದೀತೆಂದು ಅವಳನ್ನೂ ಕರೆದೆ.

"ಮಂಡಿ ನೋವು, ನೀನು ಹೋಗು," ಎಂದಳು. ಮತ್ತೆ, "ಅಲ್ಲಿ ನನ್ನ ಮಾತು ಎತ್ತಬೇಡ," ಎಂದಳು.

ನಾಚಿಕೆಗೆ ಹಾಗೆ ಅಂದಳು ಎಂದುಕೊಂಡೆ. ನಿಜಕ್ಕೂ ಹಾಗೆಯೇ ಅಂದುಕೊಂಡೆನೋ, ಹಾಗೆ ಅಂದುಕೊಂಡರೆ ಅನುಕೂಲ ಎಂದು ಅಂದುಕೊಂಡೆನೋ, ಈಗ ಹೇಳಲಾರೆ.

ಸಭಾಂಗಣದ ಮುಂದಿನ ಎರಡು ಸಾಲಿನಲ್ಲಿ ಅಡುಗೆಮನೆಯವರು ಕೂತಿದ್ದರು. ಬಿಳಿ ಟೊಪ್ಪಿ ಹಾಕಿ, ಕೈ ಮಡಿಲಲ್ಲಿಟ್ಟುಕೊಂಡು, ಹೆಚ್ಚುಕಡಿಮೆ ಇಪ್ಪತ್ತು ಜನ. ಸೌಟು ಎಸೆದೆ, ಹಿಡಿದೆ, ಚಪ್ಪಾಳೆ ಬಿತ್ತು. "ನಾನು ಈ ಅಡುಗೆಮನೆಯ ಊಟ ತಿಂದೇ ಬೆಳೆದವನು," ಎಂದು ಗಂಜಿಯ ಜೋಕು ಶುರುಮಾಡಿದೆ. ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ ಎನ್ನುವಲ್ಲಿಗೆ ಬಂದು ನಿಲ್ಲಿಸಿದೆ. ಅಲ್ಲಿ ಯಾವಾಗಲೂ ನಗು ಬರುತ್ತದೆ.

ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಆಸ್ಪತ್ರೆಯ ಮುಖ್ಯಸ್ಥರು ಒಬ್ಬರೇ ಹ್ಹ ಎಂದು ಶುರುಮಾಡಿ, ಅತ್ತಿತ್ತ ನೋಡಿ, ಕೆಮ್ಮಿನಲ್ಲಿ ಮುಗಿಸಿದರು. ನನಗೆ ಹೊಳೆದದ್ದು ಏನು ಗೊತ್ತೇ? ಮೈಕು ಕೆಟ್ಟಿದೆ ಎಂದು. ಅದನ್ನು ಎರಡು ಸಲ ಬೆರಳಲ್ಲಿ ಕುಟ್ಟಿ, ಇಡೀ ಜೋಕನ್ನು ಮೊದಲಿಂದ ಮತ್ತೆ ಹೇಳಿದೆ. ಈ ಸಲ ಇನ್ನೂ ಗಟ್ಟಿಯಾಗಿ.

ಆ ಇಪ್ಪತ್ತು ಮುಖಗಳು ಒಂದೇ ಸಮನೆ ನನ್ನನ್ನು ನೋಡುತ್ತಿದ್ದವು. ಕೋಪ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಯಾರದೋ ಮನೆಯ ಮಗು ನೆಂಟರ ಮುಂದೆ ಚಡ್ಡಿ ಒದ್ದೆ ಮಾಡಿಕೊಂಡಾಗ ದೊಡ್ಡವರು ಬೇರೆ ಕಡೆ ನೋಡುತ್ತಾರಲ್ಲ, ಅವರು ಹಾಗೆ ಒಬ್ಬೊಬ್ಬರಾಗಿ ಕಣ್ಣು ತಗ್ಗಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಅಡುಗೆಮನೆ ತೋರಿಸಲು ಮುಖ್ಯ ಅಡುಗೆಯವಳು ಬಂದಳು. ಅಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಾರೆ. ವೇದಿಕೆಯ ಹತ್ತಿರ ನನ್ನನ್ನು ಸರ್ ಎಂದವಳು, ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಂತೆ ಏಕವಚನಕ್ಕೆ ಇಳಿದಳು.

"ಆ ಬೋರ್ಡ್ ಓದು."

ಗೋಡೆಯ ಬೋರ್ಡಿನ ಮೇಲೆ ವಾರ್ಡುವಾರು ಬರೆದಿತ್ತು. ಉಪ್ಪು ಬಿಟ್ಟವರು ಮೂವತ್ತೆಂಟು. ಸಕ್ಕರೆ ಬಿಟ್ಟವರು ಅರವತ್ತು. ಬರೀ ದ್ರವಾಹಾರ ಹನ್ನೆರಡು. ನುಂಗಲಾರದವರು ಐದು.

"ನುಂಗಲಾರದಂಥೋರಿಗೆ ನಿಮ್ಮಮ್ಮ ಗಂಜೀನ ಬಟ್ಟೆಯಲ್ಲಿ ಮೂರು ಸಲ ಸೋಸೋಳು. ಊಟ ಕಳಿಸಿದ ಮೇಲೆ ಸುಮ್ನೆ ಕೂರ್ತಿರಲಿಲ್ಲ, ಮೇಲೆ ವಾರ್ಡಿಗೆ ಹೋಗಿ ತಟ್ಟೆ ವಾಪಸ್ ಕೊಡೋದನ್ನ ಕಾಯೋಳು. ಯಾರು ಎಷ್ಟು ಬಿಟ್ರು, ಯಾಕೆ ಬಿಟ್ರು ಅಂತ. ಉಪ್ಪಿಲ್ಲದ ಊಟ ಹ್ಯಾಗಿರುತ್ತೆ ಅಂತ ತಿಳ್ಕೊಳ್ಳೋಕೆ ಒಂದು ತಿಂಗಳು ತಾನೂ ಉಪ್ಪು ಬಿಟ್ಟಿದ್ಲು." ಅವಳು ಒಂದು ಚಾಕು ನನ್ನ ಕಡೆ ತಳ್ಳಿದಳು. "ನೀನೂ ಒಂದು ಪಲ್ಯ ಮಾಡು. ಉಪ್ಪು ಬಿಟ್ಟವರಿಗೆ. ಎರಡು ತಟ್ಟೆ ಸಾಕು."

ಕ್ಯಾರೆಟ್ಟು, ಬೀನ್ಸು, ನಿಂಬೆಹಣ್ಣು, ಒಂದಿಷ್ಟು ಎಣ್ಣೆ ಇತ್ತು. ಕೈ ತನ್ನಷ್ಟಕ್ಕೆ ಮಸಾಲೆ ಡಬ್ಬಿ ಹುಡುಕಿತು, ಇರಲಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ತಟ್ಟೆಗಳು ಮೇಲಿನ ವಾರ್ಡಿಗೆ ಹೋಗಿ ಅರ್ಧ ಗಂಟೆಗೆ ಕೆಳಗೆ ಬಂದವು. ಒಂದರಲ್ಲಿ ಒಂದು ಚಮಚದಷ್ಟು ಕಡಿಮೆಯಾಗಿತ್ತು. ಇನ್ನೊಂದರಲ್ಲಿ ನಾನು ಮೇಲಿಟ್ಟಿದ್ದ ನಿಂಬೆಯ ಹೋಳು ಕೂಡ ಅಲ್ಲಾಡಿರಲಿಲ್ಲ.

ದೊಡ್ಡಕ್ಕ ಅಣಕಿಸಲಿಲ್ಲ. ತಟ್ಟೆಗಳನ್ನು ಬಾನಿಗೆ ಹಾಕಿ ಹೇಳಿದಳು: "ನಿನ್ನ ಜಾಹೀರಾತು ಬಂದಾಗೆಲ್ಲ ನಾವು ಹಳೇ ಅಡುಗೆಮನೆ ಟೀವಿ ಆಫ್ ಮಾಡ್ತಿದ್ವಿ. ಆಮೇಲೆ ಅದು ಬಸ್ಸಿಗೆ ಬಂತು. ಬಸ್ಸನ್ನ ಆಫ್ ಮಾಡೋಕಾಗುತ್ತಾ? ನಿಮ್ಮಮ್ಮ ಬಸ್ಸು ಬಿಟ್ಲು. ಎರಡು ವರ್ಷ ನಡ್ಕೊಂಡೇ ಕೆಲಸಕ್ಕೆ ಬಂದ್ಲು. ಮಂಡಿ ಹೋಗಿದ್ದು ಅದಕ್ಕೇ."

ಬಾನಿಯಲ್ಲಿದ್ದ ಆ ಎರಡು ತಟ್ಟೆ ತೊಳೆದಿಟ್ಟೆ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆದರೆ ನನ್ನನ್ನು ಹೆಚ್ಚು ಸುಟ್ಟದ್ದು ದೊಡ್ಡಕ್ಕ ಹೇಳಿದ ಮಾತಲ್ಲ, ಅವಳಿಗೆ ಗೊತ್ತಿಲ್ಲದ ಮಾತು. ನಮ್ಮ ಮನೆಯ ಊಟ ಯಾಕೆ ಸಪ್ಪೆ ಎಂದು ನನಗೆ ಗೊತ್ತಿತ್ತು. ನನಗೆ ಎಂಟು ವರ್ಷವಾದಾಗ ಅಪ್ಪನ ಮೂತ್ರಪಿಂಡ ಕೆಟ್ಟಿತು, ಡಾಕ್ಟರು ಉಪ್ಪು ಬಿಡಿಸಿದರು. ಮಕ್ಕಳು ರುಚಿಯಾಗಿ ಉಣ್ಣುವಾಗ ಅವರೊಬ್ಬರೇ ಪಕ್ಕದಲ್ಲಿ ಸಪ್ಪೆ ಊಟ ಮಾಡಬಾರದೆಂದು ಅಮ್ಮ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಬೇಯಿಸಿದಳು. ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಹಾಗೆಂದು ಹೇಳಿದ್ದಳು. ಆರು ವರ್ಷ ಅಪ್ಪ ನಮ್ಮ ಜೊತೆ ಉಂಡರು, ಆಮೇಲೆ ತೀರಿಕೊಂಡರು. ಟೀವಿಯ ದೀಪದ ಕೆಳಗೆ ತೀರ್ಪುಗಾರರು ಪ್ರಶ್ನೆ ಕೇಳಿದಾಗ ಇದೆಲ್ಲ ನನ್ನ ತಲೆಯಲ್ಲಿ ಬಂದು ಹೋಗಿತ್ತು. ಅಪ್ಪನನ್ನು ಸೇರಿಸಿದರೆ ಯಾರೂ ನಗುವುದಿಲ್ಲ. ಅದಕ್ಕೇ ಅವರನ್ನು ಬಿಟ್ಟೆ.

ಅಲ್ಲಿಂದ ಸೀದಾ ಅಮ್ಮನ ಮನೆಗೆ ಹೋದೆ. ಅವಳು ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದಳು. ಮಂಡಿಗೆ ಪಟ್ಟಿ ಸುತ್ತಿತ್ತು. ನನ್ನನ್ನು ನೋಡಿ ಫೋನು ಕೈಗೆತ್ತಿಕೊಂಡಳು, ಹೋಟೆಲಿಗೆ ಮಾಡಲು.

"ಬೇಡಮ್ಮಾ," ಎಂದೆ. "ತಪ್ಪಾಯ್ತು."

"ಯಾವುದು?"

ಬಸ್ಸು ಎಂದೆ, ಜಾಹೀರಾತು ಎಂದೆ, ಇವತ್ತು ಎರಡು ಸಲ ಹೇಳಿದೆ ಎಂದೆ. ಅಪ್ಪನನ್ನು ಬಿಟ್ಟದ್ದು ಯಾಕೆಂದೂ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ನಾನು, "ಬರೋ ಭಾನುವಾರ ಟೀವಿಯಲ್ಲಿ ನೇರ ಕಾರ್ಯಕ್ರಮ ಇದೆ. ಎಲ್ಲಾ ಹೇಳಿಬಿಡ್ತೀನಿ. ನೀನು ಎಂಥವಳು, ಯಾಕೆ ಹಾಗೆ ಮಾಡಿದೆ ಅಂತ. ಇಡೀ ಊರು ನಿನಗೆ ಕೈ ಮುಗಿಯೋ ಹಾಗೆ ಮಾಡ್ತೀನಿ," ಎಂದೆ.

"ಬೇಡ," ಎಂದಳು.

"ಅಮ್ಮಾ, ನಿಜಾನೇ ಹೇಳ್ತೀನಿ..."

"ನಿಜಾನೂ ಬೇಡ. ಮೊದಲು ನಗಿಸಿದೆ, ಈಗ ಅಳಿಸ್ತೀಯ. ಎರಡಕ್ಕೂ ಚಪ್ಪಾಳೆ ನಿನಗೇ ಬೀಳೋದು." ದನಿ ಏರಿರಲಿಲ್ಲ. "ಐದು ವರ್ಷ ನಿನ್ನ ಬಾಯಲ್ಲಿದ್ದೆ ನಾನು. ಸಾಕಾಗಿದೆ. ಇಳಿಸು."

ಆಮೇಲೆ ಅವಳೇ, "ಹೊಸ ಅಡುಗೆಮನೇಲಿ ಗಾಳಿ ಆಡುತ್ತಾ? ಹಳೇದರಲ್ಲಿ ಹಬೆ ಹೋಗೋಕೆ ದಾರಿನೇ ಇರಲಿಲ್ಲ," ಎಂದು ಕೇಳಿದಳು. ಆಡುತ್ತೆ, ದೊಡ್ಡ ಕಿಟಕಿ ಇದೆ ಎಂದೆ. ಸರಿ ಎಂದು ತಲೆಯಾಡಿಸಿದಳು. ಆ ದಿನ ಅಷ್ಟೇ ಮಾತು.

ಭಾನುವಾರ ಟೀವಿಯಲ್ಲಿ ಒಂದು ಬಗೆಯ ಬ್ರೆಡ್ಡು ಮಾಡಿ ತೋರಿಸಿದೆ. ಅಮ್ಮನ ಹೆಸರೆತ್ತಲಿಲ್ಲ. ನಿರೂಪಕಿ ಎರಡು ಸಲ ಅದೇ ದಾರಿಗೆ ಎಳೆದಳು, ನಾನು ಹಿಟ್ಟು ನಾದುತ್ತಲೇ ಇದ್ದೆ. ಮಸಾಲೆ ಪುಡಿ ಕಂಪನಿಯವರಿಗೆ ಇನ್ನು ಜಾಹೀರಾತು ಮಾಡಲಾರೆ ಎಂದೆ. ಕರೆಗಳು ಕಡಿಮೆಯಾದವು. ಅಮ್ಮ ಇಲ್ಲದ ಸೌಟಣ್ಣ ಬರೀ ಸೌಟು, ಅಷ್ಟೇ.

ದೊಡ್ಡಕ್ಕನ ಹತ್ತಿರ ಹೋಗಿ ಕೆಲಸ ಕಲಿಯಬೇಕು ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೆಳಿಗ್ಗೆ ಐದೂವರೆಗೆ ತರಕಾರಿ ಬರುತ್ತೆ. ಫೋಟೋ ತೆಗೆಸ್ಕೊಳ್ಳೋ ಹಾಗಿಲ್ಲ," ಎಂದಳು. ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. ನಾಲ್ಕು ತಿಂಗಳಾದರೂ ಒಲೆಯ ಹತ್ತಿರ ಬಿಟ್ಟಿಲ್ಲ. ಹೆಚ್ಚುವುದು, ತೊಳೆಯುವುದು, ಡಬ್ಬಿ ಉಜ್ಜುವುದು. ಮೊದಮೊದಲು ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಈಗ ನಿಲ್ಲುವುದಿಲ್ಲ, ಆದರೆ ನನ್ನನ್ನು ಅದರೊಳಗೆ ಸೇರಿಸಿಕೊಳ್ಳುವುದೂ ಇಲ್ಲ.

ಇದನ್ನು ಅಮ್ಮನಿಗೆ ನಾನು ಹೇಳಿಲ್ಲ. ಹೇಳಿದರೆ ಅದೂ ಒಂದು ಪ್ರದರ್ಶನವಾದೀತೆಂದು ಭಯ.

ಕಳೆದ ಬುಧವಾರ ಸೊಪ್ಪಿನ ರಾಶಿಯ ಮುಂದೆ ಕೂತಿದ್ದಾಗ ಫೋನು ಬಂತು. ಅಮ್ಮ.

"ಸೊಪ್ಪಲ್ಲಿ ಮಣ್ಣು ಉಳೀತಿದೆಯಂತೆ," ಎಂದಳು. "ದೊಡ್ಡಕ್ಕ ಹೇಳಿದ್ಲು. ಸೊಪ್ಪು ಬಾನೀಲಿ ಇರೋ ಹಾಗೇ ನೀರು ಬಗ್ಗಿಸಿದ್ರೆ ಮಣ್ಣು ಮತ್ತೆ ಅದಕ್ಕೇ ಹತ್ತುತ್ತೆ. ಸೊಪ್ಪನ್ನ ಕೈಯಲ್ಲಿ ಮೇಲಕ್ಕೆತ್ತು, ಆಮೇಲೆ ನೀರು ಚೆಲ್ಲು. ಮೂರು ನೀರು."

"ಹೂಂ," ಎಂದೆ. ಮುಂದೇನಾದರೂ ಹೇಳುವಳೇನೋ ಎಂದು ಕಾದೆ.

"ಇಡ್ತೀನಿ," ಎಂದು ಇಟ್ಟುಬಿಟ್ಟಳು.

ಪಕ್ಕದವಳು ಯಾರು ಎಂದು ಕೇಳಿದಳು. ಮುಖವೆತ್ತಲಾಗದೆ, ಮನೆಯಿಂದ ಎಂದೆ. ಅಂಗಿಯ ತೋಳು ಮಡಚಿ ಸೊಪ್ಪನ್ನು ನೀರಿನಿಂದ ಮೇಲೆತ್ತಿದೆ. ಬಾನಿಯ ತಳದಲ್ಲಿ ಮಣ್ಣು ನಿಂತಿತ್ತು.