ಬಾಟಲಿಯ ಕತ್ತು ಬಿಡದ ಮುದ್ದಯ್ಯ

ಬಾಟಲಿಯನ್ನು ಗಿರಾಕಿಯ ಕೈಗಿತ್ತ ಮೇಲೂ ಮುದ್ದಯ್ಯ ಅದರ ಕತ್ತನ್ನು ಬಿಡುತ್ತಿರಲಿಲ್ಲ. ಅತ್ತಲಿಂದ ಗಿರಾಕಿ ಎಳೆಯಬೇಕು, ಇತ್ತಲಿಂದ ಇವನ ಬೆರಳುಗಳು ಒಂದೊಂದಾಗಿ ಸಡಿಲಬೇಕು. ಆ ನಡುವಿನ ಕ್ಷಣದಲ್ಲಿ, ಮಗಳನ್ನು ಹೊಸಬರ ಮನೆಗೆ ಕಳಿಸಿಕೊಡುವ ತಂದೆಯ ಮುಖದಲ್ಲಿ ಕಾಣುವಂಥ ಕಳವಳವೊಂದು ಅವನ ಹಣೆಯ ಮೇಲೆ ಹಾದುಹೋಗುತ್ತಿತ್ತು. ಅಂಗಡಿಯ ಮಾಲೀಕ ನಂಜಪ್ಪ ಗಲ್ಲಾದಿಂದಲೇ ಗದರುತ್ತಿದ್ದ: "ಬುಡ್ಲಾ ಮುದ್ದಾ, ಮಾರಿದ್ ಮ್ಯಾಲೆ ಅದು ನಿಂದಲ್ಲ ಕಣ್ಲಾ!"

ತೊಂಬತ್ತರ ದಶಕದ ನಡುವಿನ ಮಾತಿದು. ನಾನಾಗ ಶ್ರೀರಂಗಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹೆದ್ದಾರಿಯ ಪಕ್ಕದ ಆ ವೈನ್ ಅಂಗಡಿಗೆ ಎದುರಾಗಿದ್ದ ಟೀ ಅಂಗಡಿ ನನ್ನ ಸಂಜೆಯ ನೆಲೆ. ಮುದ್ದಯ್ಯ ಬಹುಕಾಲ ಮೈಸೂರಿನ ದೊಡ್ಡ ಹೋಟೆಲೊಂದರ ಬಾರಿನಲ್ಲಿದ್ದು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವನು. ಹೋಟೆಲಿನವರು ಕೊಟ್ಟಿದ್ದ ಮಾಸಲು ಕೆಂಪು ಕೋಟನ್ನು ಕಡುಬೇಸಗೆಯಲ್ಲೂ ಕಳಚುತ್ತಿರಲಿಲ್ಲ. ಅಂಗೈಯ ಮೇಲೆ ಅದೃಶ್ಯವಾದ ತಟ್ಟೆಯೊಂದನ್ನು ಹೊತ್ತವನಂತೆ ಎಡಕ್ಕೆ ತುಸು ವಾಲಿ ನಡೆಯುವುದು ಅವನ ಧಾಟಿ, ಪ್ರತಿ ಮಾತಿನ ಕೊನೆಗೂ "ಅಲ್ವರಾ?" ಎಂದು ಸೇರಿಸಿ, ಎದುರಿನವರು ಹೌದೆನ್ನುವವರೆಗೆ ಕಣ್ಣು ಕೀಲಿಸಿ ಕಾಯುವುದು ಅವನ ಚಾಳಿ.

ರಮ್ಮು, ಬ್ರಾಂದಿಗಳನ್ನು ಯಾರು ಬೇಕಾದರೂ ಎತ್ತಿಕೊಡಲಿ, ಮೇಲಿನ ಹಲಗೆಯ ಕೆಂಪು ವೈನುಗಳು ಮಾತ್ರ ಮುದ್ದಯ್ಯನ ಸುಪರ್ದಿಗೆ ಸೇರಿದ್ದವು. ಹೋಟೆಲಿಗೆ ಬರುತ್ತಿದ್ದ ವಿದೇಶಿ ಪತ್ರಿಕೆಗಳಲ್ಲಿ ವೈನಿಗೂ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆಂಬುದನ್ನು ಅವನು ಕಂಡಿದ್ದ. ಅದನ್ನೇ ನಮ್ಮ ಪರೀಕ್ಷೆಯ ಭಾಷೆಗೆ ಇಳಿಸಿಕೊಂಡು, "ದೊಡ್ಡಬಳ್ಳಾಪುರದ್ದು ಡಿಸ್ಟಿಂಕ್ಷನ್ನು. ನಾರಾಯಣಗಾಂವಿಂದು ಫಸ್ಟ್ ಕ್ಲಾಸು, ಮಟನ್ ಊಟಕ್ಕೆ ಒಂದ್ಕತದೆ. ಗೋವಾದ್ದು ಬರೀ ಸಿಹಿ, ಜಸ್ಟ್ ಪಾಸು. ಫ್ರಾನ್ಸಿನ ಬೋರ್ಡೋದು ರ‍್ಯಾಂಕು, ಅದು ನಮ್ಮೂರ್ ತಂಕ ಬರಾಕಿಲ್ಲ, ಅಲ್ವರಾ?" ಎನ್ನುತ್ತಿದ್ದ. ದರಿಯಾ ದೌಲತ್ ನೋಡಲು ಬಂದ ಪ್ರವಾಸಿಗರು ನಕ್ಕು, ಬಾಟಲಿ ಕೊಳ್ಳುತ್ತಿದ್ದರು.

ಆದರೆ ಕೆಂಪು ವೈನಿನ ಬಹುಪಾಲು ಗಿರಾಕಿಗಳು ಪ್ರವಾಸಿಗರಲ್ಲ. ಸುತ್ತಲ ಹಳ್ಳಿಗಳ ಗೃಹಸ್ಥರು. ಬಾಣಂತಿಗೆ, ಸುಸ್ತಾದವರಿಗೆ ಕೆಂಪು ವೈನು ಕೊಟ್ಟರೆ ರಕ್ತ ಊರುತ್ತದೆಂಬುದು ನಮ್ಮ ಸೀಮೆಯ ದೃಢವಾದ ನಂಬಿಕೆ. ಅಂಥವರು ಬಂದಾಗ ಮುದ್ದಯ್ಯನ ಕಳವಳ ಇಮ್ಮಡಿಸುತ್ತಿತ್ತು. ಯಾರಿಗೆ, ವಯಸ್ಸೆಷ್ಟು, ಬೇರೆ ಮಾತ್ರೆ ನುಂಗುತ್ತಾರೆಯೇ ಎಂದು ಪೊಲೀಸಿನವರಂತೆ ಕೆದಕುತ್ತಿದ್ದ.

ಒಂದು ಸೋಮವಾರ ಮಾತ್ರ ಕೆದಕಲಿಲ್ಲ. ಅಂದು ಜೀಪಿನಲ್ಲಿ ಬಂದಿದ್ದ ವಿದೇಶಿ ದಂಪತಿಗಳು, ಅವನು ಹಿಂದಿನ ದಿನ ಆರಿಸಿಕೊಟ್ಟ ವೈನು ಅಮೋಘವಾಗಿತ್ತೆಂದು ಹೇಳಲೆಂದೇ ಇಳಿದು ಕೈ ಕುಲುಕಿದ್ದರು. ಆ ಸಂಭ್ರಮದಲ್ಲಿ ಅವನು ತೇಲುತ್ತಿದ್ದಾಗಲೇ ಕಿಕ್ಕೇರಿಯ ಹಿಟ್ಟಿನ ಮಿಲ್ಲಿನ ಜವರಯ್ಯ ಎಂಬಾತ ಬಂದು, ಹೆರಿಗೆಯಾದ ಮಗಳು ಸಹನಾಗೆಂದು ಒಳ್ಳೆಯ ರೆಡ್ ವೈನು ಕೇಳಿದ. ಮುದ್ದಯ್ಯ ದೊಡ್ಡಬಳ್ಳಾಪುರದ್ದನ್ನೇ ಇಳಿಸಿ, ಬೆಳಿಗ್ಗೆ ಸಂಜೆ ಅರ್ಧರ್ಧ ಲೋಟ ಕೊಡಿರೆಂದ. ಬಾಟಲಿಯ ಕತ್ತು ಅಂದು ಅವನ ಕೈಯಿಂದ ಸಲೀಸಾಗಿ ಜಾರಿತು.

ಬುಧವಾರ ಮಧ್ಯಾಹ್ನ, ಕಾಲೇಜು ಬೇಗ ಬಿಟ್ಟು ನಾನು ಟೀ ಅಂಗಡಿಯಲ್ಲಿ ಕೂತಿದ್ದಾಗ, ಜಟಕಾ ಗಾಡಿಯ ಇಮಾಮ್ ಸಾಬರು ಟೀಗೆ ಬಂದರು. ಅವರು ಹೆಂಡದಂಗಡಿಯ ಮೆಟ್ಟಿಲು ತುಳಿಯುವವರಲ್ಲ; ರಸ್ತೆಯ ಈಚೆ ನಮ್ಮ ಪಕ್ಕದಲ್ಲಿ ನಿಂತೇ ಕೂಗಿ ಹರಟುವವರು. "ಮುದ್ದಣ್ಣಾ, ಮೊನ್ನೆ ನಿನ್ ಅಂಗಡೀಂದ ಕಿಕ್ಕೇರಿ ಜವರಯ್ಯನೋರು ಬಸ್ ಸ್ಟ್ಯಾಂಡಿಗೆ ನನ್ ಗಾಡಿ ಹತ್ತಿದ್ರು. ಪಾಪ, ಮಗಳಿಗೆ ಬಸುರಲ್ಲೇ ಕಾಮಾಲೆ ಆಗಿತ್ತಂತೆ. ಕಣ್ಣಿನ ಹಳದಿ ಇನ್ನೂ ಪೂರಾ ಹೋಗಿಲ್ವಂತೆ. ಅಲ್ಲಾ ಮೆಹರ್ಬಾನ್, ಕೂಸು ಚೆನ್ನಾಗಿದೆಯಂತೆ."

ಮುದ್ದಯ್ಯ ರಸ್ತೆ ದಾಟಿ ಬಂದದ್ದು ಹೇಗೋ ನಾನು ಕಾಣೆ. ಲಾರಿಯೊಂದು ಕಿರುಗುಟ್ಟಿ ನಿಂತದ್ದಷ್ಟೇ ಗೊತ್ತು. "ಕಾಮಾಲೆ ಅಂದ್ರಾ ಸಾಬ್ರೆ? ಕಾಮಾಲೆನೇಯಾ?" ಎಂದವನು ನನ್ನ ತೋಳು ಹಿಡಿದ. "ಮೇಷ್ಟ್ರೇ, ನೀವೂ ಬನ್ನಿ. ನಾನೊಬ್ನೇ ಯೋಳಿದ್ರೆ ಅವ್ರು ನಂಬಾಕಿಲ್ಲ." ನಂಜಪ್ಪನ ಕೂಗನ್ನು ಕೇಳಿಸಿಕೊಳ್ಳದೆ ಬಸ್ಸು ಹತ್ತಿದೆವು.

ಪಾಂಡವಪುರದಲ್ಲಿ ಕಬ್ಬಿನ ಗಾಡಿಗಳ ಸಾಲು ರಸ್ತೆಗೆ ಅಡ್ಡಲಾಗಿತ್ತು. ಮುದ್ದಯ್ಯ ಕೂರಲೊಲ್ಲದೆ ಫುಟ್‌ಬೋರ್ಡಿನ ಮೇಲೆ ನಿಂತು, ಎತ್ತುಗಳನ್ನು ಕಣ್ಣಿನಿಂದಲೇ ದಬ್ಬುತ್ತಿದ್ದ. "ಎರಡೇ ದಿವ್ಸಕ್ಕೆ ಏನೂ ಆಗಾಕಿಲ್ಲ, ಅಲ್ವರಾ?" ಎಂದು ನನ್ನನ್ನು ಕೇಳಿದ; ನಾನು ಏನೂ ಆಗದೆಂದೆ. ಕಂಡಕ್ಟರನನ್ನು ಕೇಳಿದ, ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ, ಕಿಟಕಿಯತ್ತ ಮುಖ ಮಾಡಿ, "ನನ್ ತಮ್ಮ ಕೃಷ್ಣ ಕಾಮಾಲೆ ಬುಡ್ತು ಅಂತ ಕುಡಿಯಾಕೆ ಕುಂತ. ಮ್ಯಾಲೇಳ್ನಿಲ್ಲ," ಎಂದ. ಅಷ್ಟು ವರ್ಷಗಳ ಪರಿಚಯದಲ್ಲಿ ಅವನಿಗೊಬ್ಬ ತಮ್ಮನಿದ್ದನೆಂಬುದು ನನಗೆ ತಿಳಿದದ್ದು ಆಗಲೇ. ಆ ಮಾತಿನ ಕೊನೆಗೆ ಅವನು "ಅಲ್ವರಾ" ಎನ್ನಲಿಲ್ಲ.

ಕಿಕ್ಕೇರಿಯ ಮಿಲ್ಲು ಭರ್ರೆಂದು ತಿರುಗುತ್ತಿತ್ತು. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡ ಜವರಯ್ಯ ನಮ್ಮನ್ನು ಕಂಡು ನಗುತ್ತ ಬಂದ. ಮುದ್ದಯ್ಯನ ಕ್ಷೀಣವಾದ ದನಿ ಯಂತ್ರದ ಸದ್ದಿನಲ್ಲಿ ಮುಳುಗಿತು, ಅವನು ಮತ್ತೆ ಹೇಳಿದ, ಮತ್ತೂ ಕೇಳಿಸಲಿಲ್ಲ, ಕೊನೆಗೆ ಕೊರಳಿನ ನರ ಉಬ್ಬಿ ಬರುವಂತೆ ಅರಚಿದ: "ವೈನು ಕೊಡ್‌ಬ್ಯಾಡಿ! ಮಗಳ್ಗೆ ಆ ವೈನು ಕೊಡ್‌ಬ್ಯಾಡಿ!"

ಮಿಲ್ಲು ನಿಂತಿತು. ಒಳಗಿನಿಂದ ಜವರಯ್ಯನ ಹೆಂಡತಿ ಯಶೋದಮ್ಮ ಬಂದು ಬಾಗಿಲಲ್ಲಿ ನಿಂತರು. "ಯಾಕ್ರಣ್ಣ? ನೆನ್ನೆಯಿಂದ ಒಂದೇ ಸಮ ವಾಂತಿ ಮಾಡ್ತಾವ್ಳೆ. ಔಸ್ತಿ ಇಡಿಯೋ ಮುಂಚೆ ಅಂಗೇಯ ಅಂದ್ಕಂಡು ಇವತ್ತು ಇನ್ನೊಂಚೂರು ಜಾಸ್ತೀನೇ ಕೊಟ್ಟೆ."

ಜವರಯ್ಯನ ಬಿಳಿ ಮುಖದಲ್ಲಿ ಕಣ್ಣುಗಳು ಮಾತ್ರ ಕೆಂಪಾದವು. "ನೀವೇ ಅಲ್ವಾ ಡಿಸ್ಟಿಂಕ್ಷನ್ನು ಅಂತ ಕೊಟ್ಟೋರು? ಈಗ ನೀವೇ ಬಂದು ಇಂಗಂತೀರಲ್ಲ!"

"ಔದಪ್ಪ, ನಾನೇ ಕೊಟ್ಟೋನು," ಎಂದ ಮುದ್ದಯ್ಯ. "ಅದ್ಕೇ ಬಂದಿವ್ನಿ. ಒಡೀಬೇಕು ಅಂದ್ರೆ ಆಮ್ಯಾಕೆ ಒಡಿ. ಮೊದ್ಲು ಗಾಡಿ ತರ್ಸು."

ಬಾಡಿಗೆ ಕಾರಿನಲ್ಲಿ ಸಹನಾಳನ್ನು ಕೆ.ಆರ್. ಪೇಟೆಯ ಆಸ್ಪತ್ರೆಗೆ ಕರೆತಂದೆವು. ಆಕೆಯ ಕಣ್ಣುಗಳು ಅರಿಸಿನದ ನೀರಿನಲ್ಲಿ ಅದ್ದಿದಂತಿದ್ದವು. ಡಾಕ್ಟರಮ್ಮ ಎಲ್ಲರನ್ನೂ ಸರಿಯಾಗಿ ಬೈದು, ಇನ್ನು ಕೆಲವು ದಿನ ಹೀಗೇ ಕೊಟ್ಟಿದ್ದರೆ ತಮ್ಮ ಕೈ ಮೀರುತ್ತಿತ್ತೆಂದರು. ಮುದ್ದಯ್ಯ ಕಾರಿಡಾರಿನ ಗೋಡೆಗೆ ಒರಗಿ, ಬೈಗುಳವೆಲ್ಲ ತನ್ನೊಬ್ಬನ ಪಾಲಿನದೆಂಬಂತೆ ತಲೆಬಾಗಿ ಕೇಳಿಸಿಕೊಂಡ.

ಸಹನಾ ಚೇತರಿಸಿಕೊಳ್ಳಲು ಮಳೆಗಾಲ ಮುಗಿಯಬೇಕಾಯಿತು. ಅಲ್ಲಿಯವರೆಗೂ ಮುದ್ದಯ್ಯ ರಜೆಯ ದಿನಗಳಲ್ಲೆಲ್ಲ ಕಿಕ್ಕೇರಿಗೆ ಹೋಗಿಬರುತ್ತಿದ್ದ. ಮೊದಮೊದಲು ಜವರಯ್ಯ ಮಾತನಾಡಿಸುತ್ತಿರಲಿಲ್ಲವಂತೆ. ಇವನು ಮಿಲ್ಲಿನ ಮುಂದೆ ನಿಂತು, ಯಶೋದಮ್ಮನಿಂದ ಸುದ್ದಿ ಕೇಳಿಕೊಂಡು ಹಿಂದಿರುಗುತ್ತಿದ್ದನಂತೆ. ಒಂದು ದಿನ ಜವರಯ್ಯನೇ ಕರೆದು, ಕೂಸನ್ನು ತಂದು ಇವನ ತೊಡೆಯ ಮೇಲೆ ಮಲಗಿಸಿದನೆಂಬುದನ್ನು ಹೇಳುವಾಗ ಮುದ್ದಯ್ಯನ ಮುಖದಲ್ಲಿ ಸಂತೋಷಕ್ಕಿಂತ, ಎಲ್ಲಿ ಜಾರಿಬಿಡುತ್ತದೋ ಎಂಬ ಗಾಬರಿಯೇ ಹೆಚ್ಚಾಗಿತ್ತು.

ಅಂಗಡಿಯಲ್ಲಿ ಅವನು ಪ್ರವಾಸಿಗರಿಗೆ ಎಂದಿನಂತೆ ಅಂಕ ಹೇಳುತ್ತಿದ್ದ. ರಕ್ತಕ್ಕೆಂದು ಬಂದವರಿಗೆ ಮಾತ್ರ ಮೇಲಿನ ಹಲಗೆಗೆ ಕೈ ಚಾಚಲಿಲ್ಲ. ನುಗ್ಗೆಸೊಪ್ಪು ತಿನ್ನಿಸಿ, ಡಾಕ್ಟರಿಗೆ ತೋರಿಸಿ ಎಂದು ಬರಿಗೈಯಲ್ಲಿ ಕಳಿಸುತ್ತಿದ್ದ. "ವೈನ್ ಅಂಗ್ಡೀಲಿ ನಿಂತ್ಕಂಡು ಸೊಪ್ ಮಾರ್ತೀಯೇನ್ಲಾ?" ಎಂದು ನಂಜಪ್ಪ ರೇಗುತ್ತಿದ್ದ. ಆದರೂ ಕೆಲಸದಿಂದ ಬಿಡಿಸಲಿಲ್ಲ. ತನ್ನ ಸ್ವಂತ ಸೊಸೆಯ ಬಾಣಂತನದಲ್ಲಿ ಏನು ಕೊಡಬೇಕೆಂದು ಗುಟ್ಟಾಗಿ ಕೇಳಿದ್ದು ಮುದ್ದಯ್ಯನನ್ನೇ.

ಸಲಹೆ ಕೊಡುವವರಿಗೆ ನಮ್ಮ ಸೀಮೆಯಲ್ಲಿ ಎಂದೂ ಬರವಿಲ್ಲ. ಮದ್ದನ್ನು, ಮದುವೆಯ ಸಂಬಂಧವನ್ನು, ವಕೀಲನನ್ನು, ಮೊಕದ್ದಮೆಯನ್ನು ಬಾಯ್ತುಂಬ ಸೂಚಿಸಿ, ಎಲೆಯಡಿಕೆ ಉಗುಳಿ ಎದ್ದುಹೋಗುವವರು ಜಗುಲಿಗೆ ನಾಲ್ವರು ಸಿಗುತ್ತಾರೆ. ತಾವಾಡಿದ ಮಾತು ಯಾರ ಮನೆಯಲ್ಲಿ ಏನಾಗಿ ಬೆಳೆಯಿತೆಂದು ಅವರು ತಿರುಗಿ ನೋಡುವುದಿಲ್ಲ, ಆದ್ದರಿಂದಲೇ ಅವರ ಧೈರ್ಯಕ್ಕೆ ಕುಂದಿಲ್ಲ. ಆಡಿದ ಮಾತಿನ ಬೆನ್ನಿಗೆ ತಮ್ಮ ಜೀವವನ್ನೂ ಕಟ್ಟಿ ಕಳಿಸುವವರು ಬೇರೆ. ಅವರಿಗೆ ಒಂದು ದಿನವೂ ನೆಮ್ಮದಿಯ ಊಟವಿಲ್ಲ. ಲೋಕ ಅವರನ್ನು ಪುಕ್ಕಲರೆನ್ನುತ್ತದೆ. ಅವರ ಪುಕ್ಕಲುತನದಿಂದ ಯಾವ ಯಾವ ಮನೆಗಳ ದೀಪ ಆರದೆ ಉಳಿದಿದೆಯೋ, ಆ ಮನೆಯವರಿಗೂ ಅದು ಗೊತ್ತಿರುವುದಿಲ್ಲ.