ಮೆಟ್ಟಿಲ ಕೆಳಗೆ ಕೂತವಳು

ರಸ್ತೆಯಿಂದ ಗಲ್ಲಿಗೆ ಇಳಿಯುವ ಏಳು ಮೆಟ್ಟಿಲುಗಳನ್ನು ಅನಸೂಯಾಬಾಯಿ ಗೋಡೆ ಹಿಡಿದು ಇಳಿದಳು. ಬ್ಯಾಡಗಿಯಿಂದ ಮೊದಲ ಬಸ್ಸಿಗೇ ಹೊರಟಿದ್ದರೂ ಅವಳು ಹಾವೇರಿ ಮುಟ್ಟುವಷ್ಟರಲ್ಲಿ ಮಹಮೂದಾಳ ಮೈ ತೊಳೆಯಲು ಹೆಂಗಸರು ಪರದೆ ಕಟ್ಟಿಬಿಟ್ಟಿದ್ದರು. ಪೋಲಿಯೋ ಕಾಲಿನ ಮಹಮೂದಾ ಅವಳ ಕಾಲೇಜಿನ ಗೆಳತಿ. ಬಿ.ಎ. ಮುಗಿಸಿ, ಗಲ್ಲಿಯ ಮಕ್ಕಳಿಗೆ ಪಾಠ ಹೇಳಿಕೊಂಡು ತಾಯಿಯ ಜೊತೆ ಉಳಿದವಳು. ಮೂವತ್ತೊಂದಕ್ಕೇ ಜ್ವರ ಅವಳನ್ನು ಒಯ್ದಿತ್ತು.

ಅನಸೂಯಾ ಅವಳಿಗೆ ಒಂದು ಮಾತು ಹೇಳಬೇಕಿತ್ತು. ಈ ರಜೆಗೆ, ಮುಂದಿನ ರಜೆಗೆ ಎಂದು ಹನ್ನೆರಡು ವರ್ಷ ತಳ್ಳಿದ್ದಳು.

*

ಎಂಬತ್ತಮೂರರಲ್ಲಿ ಇತಿಹಾಸದ ತರಗತಿ ಮಹಡಿಯ ಮೇಲಿತ್ತು. ಊರುಗೋಲಿನ ಮಹಮೂದಾ ಮೊದಲ ವಾರ ಹತ್ತಿದಳು, ಎರಡನೆಯ ವಾರ ಬಿದ್ದಳು. ಆಮೇಲೆ ಮೆಟ್ಟಿಲ ಕೆಳಗೆ, ಕಾಲೇಜಿನ ಸಿಪಾಯಿ ಹೊಳಿಯಪ್ಪನ ಸ್ಟೂಲಿನ ಪಕ್ಕದಲ್ಲಿ ಕೂತು, ಕೇಳಿಸಿದಷ್ಟು ಪಾಠ ಬರೆದುಕೊಂಡಳು. ಹಾಜರಿ ಕರೆದಾಗ ಕೆಳಗಿನಿಂದಲೇ "ಎಸ್ ಸರ್" ಎಂದು ಕೂಗುವಳು. ಮೇಲೆ ಎಲ್ಲರೂ ನಗುತ್ತಿದ್ದರು. ಅನಸೂಯಾಳೂ ನಕ್ಕಿದ್ದುಂಟು.

"ಕ್ಲಾಸ್ ಕೆಳಗ ತರ್ರಿ ಅಂತ ಪ್ರಿನ್ಸಿಪಾಲರಿಗೆ ನಾನ ಕೇಳ್ತೇನಿ" ಎಂದು ಜಂಬದಿಂದ ಹೋದ ಅನಸೂಯಾ, ಬಾಗಿಲ ಪರದೆಯ ಹೂವು ಎಣಿಸಿ, ಒಳಗೆ ಹೋಗದೆಯೇ ವಾಪಸು ಬಂದಿದ್ದಳು.

"ಏನಂದ್ರು?"

"ಆಗೂದಿಲ್ಲ ಅಂದ್ರು."

ಮಹಮೂದಾ ಪೆನ್ನಿನ ಟೋಪಿ ಹಾಕಿದಳು. "ಹೋಗ್ಲಿ ಬಿಡ."

*

ಮಹಮೂದಾಳ ಮನೆಯ ಕಟ್ಟೆಯ ಮೇಲೆ ಹೊಳಿಯಪ್ಪ ಕೂತಿದ್ದ. ಈಗ ಅವನ ಕಣ್ಣಿಗೆ ಪೊರೆ ಬಂದಿತ್ತು.

"ಯಾರವ್ವಾ?"

"ಬ್ಯಾಡಗಿಯಾಕೀರಿ." ತನ್ನ ಹೆಸರು ಬಾಯಿಗೆ ಬರಲಿಲ್ಲ.

"ಮೂರ ವರ್ಷ ನನ್ನ ಬಾಜೂಕ ಕುಂತು ಓದಿದ ಹುಡುಗಿ. ಕೆಳಗ ಒಂದ ಖೋಲಿ ಖಾಲೀನ ಇತ್ತವ್ವಾ, ಕೀಲಿ ನನ್ನ ಕಡೇನ ಇತ್ತು. ಸಾಹೇಬ್ರನ್ನ ನಾ ಕೇಳ್ತೇನಿ ಅಂದ್ರ ಬ್ಯಾಡ ಅಂದ್ಲು."

"ಯಾಕಂತ್ರಿ?"

"'ನನ್ನ ಗೆಳತಿ ಸಾಹೇಬ್ರ ಬಾಗಲದಾಗ ನಿಂತು ತಿರುಗಿ ಬಂದಿದ್ದನ್ನ ಕುಂತಲ್ಲಿಂದ ಕಂಡೇನಿ ಕಾಕಾ, ಈಗ ಖೋಲಿ ಸಿಕ್ಕರ ಆಕಿ ಸುಳ್ಳು ಬಯಲಾಗತೈತಿ, ಆಕಿ ನನ್ನ ಕಡೆ ಬರೂದ ಬಿಡತಾಳ' ಅಂದ್ಲು. ಯಾರಾಕಿ ಅಂದ್ರ ಹೆಸರ ಹೇಳಲಿಲ್ಲ. 'ನನಗಿರಾಕಿ ಆಕಿ ಒಬ್ಬಾಕೀನ' ಅಂದ್ಲು."

ಅನಸೂಯಾ ಹೆಂಗಸರ ನಡುವೆ ಹೋಗಿ ನಿಂತಳು.

ಹೆಣ ಎತ್ತುವ ಮೊದಲು ಸತ್ತವರ ಪರವಾಗಿ ಬಂದವರಲ್ಲಿ ಮಾಫಿ ಕೇಳುವುದು ಆ ಮನೆಯವರ ರೂಢಿ. ತಾಯಿ ಜೈತೂನಬಿ ಒಬ್ಬೊಬ್ಬರನ್ನೇ ಕೇಳುತ್ತ ಬಂದು ಅನಸೂಯಾಳ ಕೈ ಹಿಡಿದಳು.

"ನನ್ನ ಮಗಳು ನಿನಗ ಏನರ ತಪ್ಪು ಮಾಡಿದ್ರ ಮಾಫ್ ಮಾಡವ್ವಾ."

"ಖಾಲಾ, ತಪ್ಪು ನಂದು. ನಾ ಅವತ್ತ ಕೇಳಲೇ ಇಲ್ಲ..."

ಮುದುಕಿಗೆ ಏನೂ ತಿಳಿಯಲಿಲ್ಲ. "ಮಾಡೇನಿ ಅನ್ನವ್ವಾ, ಆಕಿ ಹಗರಾಗಿ ಹೋಗ್ಲಿ."

"ಮಾಡೇನ್ರಿ" ಎಂದಳು ಅನಸೂಯಾ.

ದಾರಿಗೆ ಅಡ್ಡವಾಗಿದ್ದ ಊರುಗೋಲುಗಳನ್ನು ಯಾರೋ ತೆಗೆದು ಅವಳ ಕೈಗೆ ಕೊಟ್ಟರು. ಗಂಡಸರು ಹೆಣದ ಡೋಲಿಗೆ ಹೆಗಲು ಕೊಟ್ಟರು. ಹೆಂಗಸರು ಹಿಂದೆ ಉಳಿದರು. ಏಳೂ ಮೆಟ್ಟಿಲುಗಳನ್ನು ಮಹಮೂದಾ ಎಲ್ಲಿಯೂ ನಿಲ್ಲದೆ ಹತ್ತಿ ಹೋದಳು. ಅನಸೂಯಾ ಊರುಗೋಲು ಹಿಡಿದುಕೊಂಡು ಕೆಳಗೆ ನಿಂತಿದ್ದಳು.